ನಮ್ಮ ಹೈಸ್ಕೂಲಿನ ರಜಿಸ್ಟರುಗಳನ್ನು ರದ್ದಿಗೆ ಹಾಕಬೇಡಿ: ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ,
ಮಾನ್ಯ ಮುಖ್ಯೋಪಾಧ್ಯಾಯರು, ಸರಕಾರಿ ಪ್ರೌಢಶಾಲೆ,
ಹಾಗೂ ಶಾಲೆಯ ಮಹೋತ್ಸವ ಸಮಿತಿಯ ಹಿರಿಯರಿಗೆ

ವಿಷಯ: ಹಳೆಯ ಕಟ್ಟಡ ಕೆಡವುವ ಮೊದಲು ಶಾಲೆಯ ದಾಖಲೆಗಳನ್ನು ಉಳಿಸಿಕೊಳ್ಳುವ ಕುರಿತು

ಮಾನ್ಯರೆ,

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿನಿ. ಅಡತಿ ಪೇಟೆಯಲ್ಲಿ ಚೀಲ ಹೊರುತ್ತಿದ್ದ ಹಮಾಲರೊಬ್ಬರ ಮಗಳು. ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಊರಿಗೆ ಬಂದು ನೆಲೆಸಿದ್ದೇನೆ. ಈ ವಿಷಯವನ್ನು ತಮ್ಮ ಮುಂದೆ ಎರಡು ಸಲ ಬಾಯಿಮಾತಿನಲ್ಲಿ ಹೇಳಿದ್ದೇನೆ, ಒಂದು ಸಲ ಬರೆದೂ ಕೊಟ್ಟಿದ್ದೇನೆ. ತಾವು ಗೌರವದಿಂದಲೇ ಕೇಳಿಸಿಕೊಂಡಿರಿ, ಚಹಾ ತರಿಸಿಕೊಟ್ಟಿರಿ, "ನೋಡೋಣ್ರಿ" ಎಂದಿರಿ. ಅಷ್ಟರಲ್ಲಿ ಹಳೆಯ ಕಟ್ಟಡದ ಅರ್ಧದಷ್ಟು ಹೆಂಚು ಕೆಳಗಿಳಿದವು. ಇನ್ನು ಕಾಯುತ್ತ ಕೂತರೆ ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ಅದಕ್ಕೇ ಊರವರೆಲ್ಲ ಓದುವಂತೆ ಬರೆಯುತ್ತಿದ್ದೇನೆ. ಶಾಲೆಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹಾಕಿಲ್ಲ. ಯಾರ ಮಾನ ಕಳೆಯುವುದೂ ನನಗೆ ಬೇಕಿಲ್ಲ. ಈಗಿನ ಮುಖ್ಯೋಪಾಧ್ಯಾಯರು ವರ್ಗವಾಗಿ ಬಂದು ಇನ್ನೂ ಬಹಳ ದಿನವಾಗಿಲ್ಲ, ಈ ಅವ್ಯವಸ್ಥೆ ಅವರು ಮಾಡಿದ್ದಲ್ಲ ಎಂಬುದೂ ಗೊತ್ತು. ಹಾವೇರಿ, ಗದಗ, ಧಾರವಾಡ ಮೂರೂ ಕಡೆ ಇಂಥ ಹಳೆಯ ಹೈಸ್ಕೂಲುಗಳಿವೆ. ಅಲ್ಲಿಯವರು ಓದಿದರೂ ಒಳ್ಳೆಯದೇ.

ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ. ಕಳೆದ ಜೂನ್ ತಿಂಗಳಲ್ಲಿ ಅಣ್ಣನ ಮಗನಿಗೆ ಜಾತಿ ಸಿಂಧುತ್ವ ಪ್ರಮಾಣಪತ್ರ ಮಾಡಿಸಬೇಕಾಗಿತ್ತು. ಅದಕ್ಕೆ ಅಣ್ಣನ ಶಾಲಾ ದಾಖಲಾತಿಯ ಉತಾರ, ಅಂದರೆ ರಜಿಸ್ಟರಿನ ನಕಲು, ಬೇಕು. ಅಣ್ಣನಿಗೆ ಮೊಣಕಾಲು ನೋವು, ಅದಕ್ಕೆ ನಾನೇ ಹೋದೆ. ಕಚೇರಿಯ ಗುಮಾಸ್ತರು ಒಳ್ಳೆಯವರು. ಕೀಲಿ ಗೊಂಚಲು ಹಿಡಿದುಕೊಂಡು ನನ್ನನ್ನು ಹಳೆಯ ಕಟ್ಟಡಕ್ಕೆ ಕರೆದುಕೊಂಡು ಹೋದರು. ನಾವು ವಿಜ್ಞಾನದ ಪ್ರಯೋಗ ಮಾಡುತ್ತಿದ್ದ ಕೋಣೆ ಅದು. ಮಾಡಿನಲ್ಲಿ ಹೆಂಚು ಸರಿದು ಆಕಾಶ ಕಾಣುತ್ತಿತ್ತು. ಫರಸಿಯ ಮೇಲೆ ನೀರು ನಿಂತಿತ್ತು. ಆ ನೀರಿನಲ್ಲೇ ದಾಖಲಾತಿ ರಜಿಸ್ಟರುಗಳು, ಹಾಜರಿ ಪುಸ್ತಕಗಳು, ಫೀ ಪಾವತಿಗಳ ಕಟ್ಟುಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಳಗಿನವು ಗೆದ್ದಲು ಹಿಡಿದು ಮಣ್ಣಾಗಿದ್ದವು. ನಾನು ಸುಮ್ಮನೆ ನಿಂತದ್ದನ್ನು ಕಂಡು ಅವರೇ ಹೇಳಿದರು: "ಏನ್ ಮಾಡೂದ್ರಿ ಅಕ್ಕಾರ, ಹೊಸಾ ಕಟ್ಟಡದಾಗ ಕಂಪ್ಯೂಟರ್ ಇಡಾಕ ಜಾಗಾ ಸಾಲವಲ್ದು. ಇವನ್ನ ಎಲ್ಲಿ ಇಡೂದು?"

ಅಣ್ಣನ ದಾಖಲೆ ಸಿಕ್ಕಿತು. ಅದನ್ನು ಹುಡುಕುವಾಗ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ನನ್ನ ಅಕ್ಕನದು.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಹೈಸ್ಕೂಲಿಗೆ ಹೆಸರು ಹಚ್ಚಿದ್ದಳು ಎಂದು ಅವ್ವ ಹೇಳುತ್ತಿದ್ದದ್ದು ಬಿಟ್ಟರೆ ನನಗೆ ಅದರ ನೆನಪೇ ಇರಲಿಲ್ಲ. ಅವಳ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಎರಡನೆಯ ಹೆರಿಗೆಯಲ್ಲಿ ತೀರಿಕೊಂಡಳು. ಆ ರಜಿಸ್ಟರಿನಲ್ಲಿ ಅವಳ ಹೆಸರು, ಅಪ್ಪನ ಹೆಸರು, ಅಡ್ಡಹೆಸರು, ಹುಟ್ಟಿದ ಊರು, ಅಂಕಿಯಲ್ಲೂ ಅಕ್ಷರದಲ್ಲೂ ಜನ್ಮದಿನಾಂಕ, ಎಲ್ಲ ದುಂಡಗಿನ ಅಕ್ಷರದಲ್ಲಿದ್ದವು. ಜನ್ಮದಿನಾಂಕ ಜೂನ್ 1. ನನ್ನದೂ ಜೂನ್ 1, ಅಣ್ಣನದೂ ಜೂನ್ 1. ಹುಟ್ಟಿದ ದಿನ ಗೊತ್ತಿಲ್ಲದ ಮನೆಯ ಮಕ್ಕಳಿಗೆ ಕನ್ನಡ ಸಾಲಿಯ ಮಾಸ್ತರರು ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನ ಮಾಡಿ ಬರೆದುಕೊಳ್ಳುತ್ತಿದ್ದರು. ನಮ್ಮ ಸೀಮೆಯಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಇದ್ದಾರೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಕೊನೆಗೆ 'ಶಾಲೆ ಬಿಟ್ಟ ಕಾರಣ' ಎಂಬ ಕಾಲಮ್ಮಿನಲ್ಲಿ ಒಂದೇ ಶಬ್ದ: ಲಗ್ನ.

ಆ ಪುಟದಲ್ಲಿ ಬೆರಳಿಟ್ಟು ಕೆಳಗಿಳಿದೆ. ಮತ್ತೊಂದು ಹುಡುಗಿ, ಲಗ್ನ. ಒಬ್ಬ ಹುಡುಗ, ಸತತ ಗೈರುಹಾಜರಿ. ಇನ್ನೊಬ್ಬ, ಬಡತನ. ಮತ್ತೆ ಲಗ್ನ. ಮುಂದಿನ ಪುಟ, ಅದರ ಮುಂದಿನ ಪುಟ. ಆಸ್ಪತ್ರೆಯಲ್ಲಿ ನಾನು ವರ್ಷಗಟ್ಟಲೆ ಹೆರಿಗೆ ರಜಿಸ್ಟರು ಬರೆದವಳು, ರಜಿಸ್ಟರಿನ ಒಂದು ಸಾಲಿಗೆ ಎಷ್ಟು ತೂಕವಿರುತ್ತದೆಂಬುದು ಗೊತ್ತು. ಆದರೂ ಆ ದಿನ ಆ ಕೋಣೆಯಲ್ಲಿ ನಿಂತು ಅತ್ತೆ. ನಮ್ಮ ತಾಲ್ಲೂಕಿನಲ್ಲಿ ಹೆಣ್ಣುಮಕ್ಕಳು ಯಾವ ಕಾಲಕ್ಕೆ ಎಂಟನೆಯತ್ತೆಯಲ್ಲೇ ನಿಂತರು, ಯಾವಾಗಿನಿಂದ ಹತ್ತರವರೆಗೆ ಬಂದರು, ಬರ ಬಿದ್ದ ವರ್ಷ ಎಷ್ಟು ಮಕ್ಕಳು ಹೊಲಕ್ಕೆ ಹೋದರು ಎಂಬುದು ಇನ್ನಾವ ಪುಸ್ತಕದಲ್ಲೂ ಇಲ್ಲ. ಹಸಿರು ಕಲೆ ಬಿದ್ದ ಈ ಕಾಲಮ್ಮಿನಲ್ಲಿ ಇದೆ.

ಹತ್ತು ದಿನ ಬಿಟ್ಟು ಉತಾರ ತರಲು ಮತ್ತೆ ಹೋದಾಗ ಗೇಟಿನ ಹೊರಗೆ ರದ್ದಿಯವನ ಟಂಟಂ ನಿಂತಿತ್ತು. ಅದರಲ್ಲಿ ಚೀಲಗಳು. ಒಂದು ಚೀಲದ ಬಾಯಿಂದ ಕೈಬರಹದ ಹಾಳೆಗಳು ಹೊರಗೆ ಚಾಚಿಕೊಂಡಿದ್ದವು. ಕೈಮುಗಿದು, ರೊಕ್ಕ ಕೊಟ್ಟು, ಆ ಒಂದು ಚೀಲವನ್ನು ಇಳಿಸಿಕೊಂಡೆ. ಉಳಿದವು ಹೋದವು. ನಾನು ಇಳಿಸಿಕೊಂಡ ಚೀಲದಲ್ಲಿ ನಮ್ಮ ಶಾಲೆಯ ಕೈಬರಹ ಪತ್ರಿಕೆಯ ಹನ್ನೊಂದು ಸಂಚಿಕೆಗಳು, ತಪಾಸಣೆಗೆ ಬಂದವರು ಅಭಿಪ್ರಾಯ ಬರೆಯುವ ಒಂದು ಶೆರಾ ಪುಸ್ತಕ, ಎರಡು ಹಾಜರಿ ಪುಸ್ತಕಗಳು ಇವೆ. ಇವು ಶಾಲೆಯ ಸ್ವತ್ತು. ನನ್ನ ಮನೆಯಲ್ಲಿ ಒಣ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಇಡಲು ಒಂದು ಕಪಾಟು ತೋರಿಸಿ ಪಾವತಿ ಕೊಟ್ಟ ದಿನ ತಂದೊಪ್ಪಿಸುತ್ತೇನೆ.

ಹೋದ ಚೀಲಗಳಲ್ಲಿ ಏನಿತ್ತು ಎಂಬುದು ಪೂರ್ತಿ ಯಾರಿಗೂ ಗೊತ್ತಿಲ್ಲ. ಒಂದು ಮಾತ್ರ ನನಗೆ ಗೊತ್ತು. ಮೊದಲ ಸಲ ಹೋದಾಗ ರಾಶಿಯ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಕಿರ್ದಿ ಪುಸ್ತಕವೊಂದನ್ನು ನೋಡಿದ್ದೆ. ಶಾಲೆ ಕಟ್ಟಿದಾಗಿನ ದೇಣಿಗೆಯ ಲೆಕ್ಕ. ಕೆಲವು ಹಾಳೆ ಮರಾಠಿಯ ಹಳೆಯ ಲಿಪಿಯಾದ ಮೋಡಿ ಅಕ್ಷರದಲ್ಲಿದ್ದವು, ಓದಲಾಗಲಿಲ್ಲ. ಕನ್ನಡದಲ್ಲಿದ್ದ ಎರಡು ಹಾಳೆ ಓದಿದೆ. ಅಡತಿ ಅಂಗಡಿಗಳು ಚೀಲಕ್ಕೆ ಇಷ್ಟೆಂದು ಕೊಟ್ಟ ಧರ್ಮಾದಾಯ, ಯಾವ ಹಳ್ಳಿಯಿಂದ ಎಷ್ಟು ಚಕ್ಕಡಿ ಕಲ್ಲು ಬಂತು, ಕಾಯಿಪಲ್ಯ ಮಾರುವ ಹೆಣ್ಣುಮಗಳೊಬ್ಬಳು ಎಂಟು ಆಣೆ, ಅದರ ಕೆಳಗೆ, "ಪೇಟೆಯ ಹಮಾಲರು, ಒಂದು ದಿನದ ಕೂಲಿ." ನನ್ನ ಅಜ್ಜನೂ ಆಗ ಅದೇ ಪೇಟೆಯಲ್ಲಿ ಹಮಾಲ. ತಾನು ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ ತನ್ನ ಒಂದು ದಿನದ ಅನ್ನವನ್ನು ಆ ಗೋಡೆಗೆ ಇಟ್ಟಿದ್ದ ಎಂಬುದನ್ನು ನಾನು ಅರವತ್ತು ದಾಟಿದ ಮೇಲೆ ಓದಿದೆ. ಎರಡನೆಯ ಸಲ ಹೋದಾಗ ಆ ಪುಸ್ತಕ ಅಲ್ಲಿರಲಿಲ್ಲ. ರದ್ದಿ ಅಂಗಡಿಗೆ ಹೋಗಿ ಕೇಳಿದೆ. "ಹ್ವಾದ ವಾರದ ಲೋಡ್ ಹೋತ್ರೀ" ಎಂದ. ಮೊದಲ ದಿನವೇ ಅದರ ಎರಡು ಫೋಟೋ ತೆಗೆದುಕೊಳ್ಳಲಿಲ್ಲವಲ್ಲ ಎಂಬ ಸಂಕಟ ನನಗೆ ಇನ್ನೂ ಇದೆ.

ಮಾನ್ಯರೆ, ಹೊಸ ಕಟ್ಟಡದ ಬಾಗಿಲಲ್ಲಿ ಹಚ್ಚಲು ದಾನಿಗಳ ಹೆಸರಿನ ಕಲ್ಲು ಕೆತ್ತಿಸಿದ್ದೀರಿ. ಕೊಟ್ಟವರ ಹೆಸರು ಬರೆಯುವುದು ಸರಿಯೇ. ಹಾಗೆಯೇ ಮೊದಲು ಕೊಟ್ಟವರ ಹೆಸರಿದ್ದ ಪುಸ್ತಕ ಚೀಲದಲ್ಲಿ ಹೋಗಿದೆ ಎಂಬುದನ್ನು ಸಮಿತಿಯ ಸಭೆಯಲ್ಲಿ ಒಮ್ಮೆಯಾದರೂ ಯಾರಾದರೂ ಎತ್ತಬೇಕಿತ್ತು.

ಈ ಶಾಲೆ ಹೇಗೆ ಹುಟ್ಟಿತು ಎಂಬುದನ್ನು ಈಗಿನ ಮಕ್ಕಳಿಗೆ ಯಾರೂ ಹೇಳುತ್ತಿಲ್ಲವಾದ್ದರಿಂದ ಸ್ವಲ್ಪ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಧಾರವಾಡ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಕನ್ನಡದ ಮಕ್ಕಳೂ ಮರಾಠಿಯಲ್ಲಿ ಕಲಿಯುತ್ತಿದ್ದರು. ಡೆಪ್ಯುಟಿ ಚನ್ನಬಸಪ್ಪನವರಂಥವರು ಊರೂರು ತಿರುಗಿ ಕನ್ನಡ ಶಾಲೆ ತೆರೆಸಿದರು, ಧಾರವಾಡದ ಟ್ರೇನಿಂಗ್ ಕಾಲೇಜಿನಿಂದ ಮಾಸ್ತರರು ಹಳ್ಳಿಗಳಿಗೆ ಬಂದರು, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಮಾಸ್ತರಿಕೆಗೆ ನಮ್ಮಲ್ಲಿ ದೊಡ್ಡ ಪರಂಪರೆಯೇ ಇದೆ. ಶಿಶುವಿನಹಾಳದ ಷರೀಫರು ಕೆಲವು ಕಾಲ ಶಾಲೆಯ ಮಾಸ್ತರರಾಗಿದ್ದರು. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದ ಗಳಗನಾಥರು ಮಾಸ್ತರರು. ಗದಗಿನ ಕಡೆ ಭೀಮಸೇನ ಜೋಶಿಯವರ ತಂದೆ ಗುರುರಾಜ ಜೋಶಿಯವರೂ ಮಾಸ್ತರರೇ. ಆದರೆ ಇದೆಲ್ಲ ಏಳನೆಯತ್ತೆಯ ಮುಲ್ಕಿ ಪರೀಕ್ಷೆಯ ತನಕದ ಮಾತು. ಮುಲ್ಕಿ ಪಾಸಾದ ಹುಡುಗ ಮುಂದೆ ಮ್ಯಾಟ್ರಿಕ್ ಓದಬೇಕೆಂದರೆ ಧಾರವಾಡಕ್ಕೋ ಹುಬ್ಬಳ್ಳಿಗೋ ಹೋಗಬೇಕು, ಬೋರ್ಡಿಂಗಿನಲ್ಲಿ ಇಲ್ಲವೆ ವಾರಾನ್ನದ ಮೇಲೆ ಇರಬೇಕು. ಅದು ಆಗದವನು ಅಂಗಡಿಯ ಲೆಕ್ಕ ಬರೆಯಬೇಕು. ಹೆಣ್ಣುಮಕ್ಕಳ ಪ್ರಶ್ನೆಯೇ ಇಲ್ಲ. ಇದನ್ನು ಕಂಡು ನಮ್ಮ ಊರಿನವರು ತಮ್ಮ ಊರಲ್ಲೇ ಹೈಸ್ಕೂಲು ಬೇಕೆಂದು ಹಠ ಹಿಡಿದರು. ಸರಕಾರ ಕಟ್ಟಿಕೊಡಲಿ ಎಂದು ಕೂರಲಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸೇರಿ ಸಹಕಾರಿ ಸಂಘ ಕಟ್ಟಿ ನಡೆಸಿ ತೋರಿಸಿದ್ದರು. ಕೂಡಿ ಕಟ್ಟುವುದು ಈ ಮಣ್ಣಿಗೆ ಗೊತ್ತಿದ್ದ ಕೆಲಸ. ಶಾಲೆ ಸರಕಾರದ ವಶಕ್ಕೆ ಹೋದದ್ದು ಆಮೇಲೆ.

ಇಷ್ಟೂ ಕಾಲದ ಗುರುತು ಆ ರಜಿಸ್ಟರುಗಳ ಮೈಮೇಲೆ ಇದೆ. ಮೊದಲಿನವು ಇಂಗ್ಲಿಷಿನಲ್ಲಿ, ಮುಂಬಯಿ ಪ್ರಾಂತ್ಯದ ಅಚ್ಚಾದ ನಮೂನೆ. ಮುಂದೆ 1956ರ ನವೆಂಬರ್ 1ರ ಆಚೆಗೆ ಮೈಸೂರು ರಾಜ್ಯ. ನಂತರ 1973ರಲ್ಲಿ ಕರ್ನಾಟಕ. ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಹೋಗಿ ಎಸ್.ಎಸ್.ಸಿ. ಬಂತು. 1966ರಲ್ಲಿ ನಮ್ಮದೇ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯಾದ ಮೇಲೆ ಎಸ್.ಎಸ್.ಎಲ್.ಸಿ. ಎಂದಾಯಿತು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾದಾಗ ಹೊಸ ರಜಿಸ್ಟರು ತಕ್ಷಣ ಬರಲಿಲ್ಲ. ಅಚ್ಚಾದ 'ಜಿಲ್ಲಾ ಧಾರವಾಡ' ಎಂಬುದನ್ನು ಯಾರೋ ಗುಮಾಸ್ತರು ಪ್ರತಿ ಪುಟದಲ್ಲೂ ಗೆರೆ ಎಳೆದು ಹೊಡೆದುಹಾಕಿ ಮೇಲೆ 'ಹಾವೇರಿ' ಎಂದು ನೀಲಿ ಶಾಯಿಯಲ್ಲಿ ಬರೆದಿದ್ದಾರೆ. ನಾಡಿನ ಚರಿತ್ರೆ ಒಂದು ಸಣ್ಣ ಊರಿನ ಕಚೇರಿಯ ಮೇಜಿಗೆ ಬಂದು ತಲುಪಿದ ರೀತಿ ಅದು.

ನಾನು ಇಳಿಸಿಕೊಂಡ ಹಾಜರಿ ಪುಸ್ತಕಗಳಲ್ಲಿ ಒಂದು 1942ರದು. ಆಗಸ್ಟ್ ತಿಂಗಳ ಪುಟದಲ್ಲಿ ಮೇಲಿನ ತರಗತಿಯ ಹುಡುಗರ ಹೆಸರಿನ ಮುಂದೆ ಸಾಲಾಗಿ ಗೈರು ಬಿದ್ದಿದೆ. ಚಲೇಜಾವ್ ಚಳವಳಿಗೆ ಬೀದಿಗಿಳಿದಿದ್ದವರ ಪಟ್ಟಿಯನ್ನು ಆ ದಿನದ ಮಾಸ್ತರರು ತಮಗರಿವಿಲ್ಲದೆಯೇ ಬರೆದಿಟ್ಟಿದ್ದಾರೆ, ಇಲ್ಲವೆ ಅರಿತೇ ಬರೆದಿಟ್ಟಿದ್ದಾರೆ. ಆ ಹೆಸರುಗಳಲ್ಲಿ ಕೆಲವರ ಮೊಮ್ಮಕ್ಕಳು ಈಗ ತಮ್ಮ ಸಮಿತಿಯಲ್ಲೇ ಇದ್ದಾರೆ. ಅವರಿಗೆ ತಮ್ಮ ಅಜ್ಜಂದಿರ ಆ ತಿಂಗಳು ಗೊತ್ತಿದೆಯೋ ಇಲ್ಲವೋ.

ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರನ್ನು ಬೇರೆ ಕಡೆಯವರು ಪಾಠದಲ್ಲಿ ಓದುತ್ತಾರೆ, ನಾವು ನೆರೆಮನೆಯವರ ಹಾಗೆ ನೆನೆಯುತ್ತೇವೆ. ಗಾಂಧೀಜಿಯವರ ಜೊತೆ ದಂಡಿಗೆ ನಡೆದ ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಎಂಬ ಸಂಗಡಿಗರೊಡನೆ ಗುಂಡಿಗೆ ಎದೆಯೊಡ್ಡಿದರು. ನಮ್ಮ ಶಾಲೆಯಲ್ಲಿ ಏಪ್ರಿಲ್ 1ರ ಮುಂಜಾನೆ ಪ್ರಾರ್ಥನೆಯಾದ ಮೇಲೆ ಅವರ ಫೋಟೋದ ಮುಂದೆ ದೀಪ ಹಚ್ಚಿ ಎರಡು ನಿಮಿಷ ನಿಲ್ಲುತ್ತಿದ್ದೆವು. ಪರೀಕ್ಷೆಯ ಗಡಿಬಿಡಿಯ ದಿನಗಳು. ಆದರೂ ಹೆಡ್‌ಮಾಸ್ತರರು ಅದನ್ನು ತಪ್ಪಿಸಿದ್ದು ನಾನು ಕಾಣೆ. ಆ ಫೋಟೋ ಒಂದು ತಂಡದ ಮಕ್ಕಳು ಸೆಂಡ್ ಆಫ್ ದಿನ ಶಾಲೆಗೆ ಕೊಟ್ಟದ್ದು. ಕೆಳಗೆ ಬಿಳಿ ಬಣ್ಣದಲ್ಲಿ ವರ್ಷ, ತುಕಡಿ ಬರೆದಿದೆ. ಜೂನ್‌ನಲ್ಲಿ ನಾನು ಅದನ್ನು ಕಂಡದ್ದು ಅದೇ ಕೋಣೆಯ ನೆಲದ ಮೇಲೆ, ಗಾಜು ಒಡೆದು, ಗೋಡೆಗೆ ಮುಖ ಮಾಡಿ ಒರಗಿಸಿಟ್ಟದ್ದು. ಅವತ್ತೇ ಎತ್ತಿ ಕಚೇರಿಯ ಮೇಜಿನ ಮೇಲೆ ಇಟ್ಟುಬಂದೆ. ಈಗ ಎಲ್ಲಿದೆ ಎಂದು ದಯವಿಟ್ಟು ತಿಳಿಸಬೇಕು.

ಸೆಂಡ್ ಆಫ್ ದಿನ ಹತ್ತನೆಯವರು ವಂತಿಗೆ ಹಾಕಿ ಶಾಲೆಗೆ ಒಂದು ವಸ್ತು ಕೊಟ್ಟು ಹೋಗುವುದು ನಮ್ಮಲ್ಲಿ ಎಂದಿನಿಂದಲೂ ನಡೆದುಬಂದ ರೂಢಿ. ಗೋಡೆ ಗಡಿಯಾರ, ಬೆಂಚು, ನೀರಿನ ಕೊಪ್ಪರಿಗೆ, ಬಸವಣ್ಣ, ಗಾಂಧಿ, ಅಂಬೇಡ್ಕರರ ಫೋಟೋ. ನಮ್ಮ ತಂಡ ಒಂದು ಕಬ್ಬಿಣದ ಕಪಾಟು ಕೊಟ್ಟಿತ್ತು. ಒಬ್ಬೊಬ್ಬರು ಎರಡು ರೂಪಾಯಿ. ನನಗೆ ಆ ಎರಡು ರೂಪಾಯಿಯನ್ನು ಅಪ್ಪ ಮೂರು ದಿನ ಮುಂದೂಡಿ ಕೊಟ್ಟರು. ಕಪಾಟು ಇನ್ನೂ ಇದೆ. ಅದರಲ್ಲಿ ಈಗ ಬಿಸಿಯೂಟದ ತಟ್ಟೆಗಳಿವೆ. ಮಕ್ಕಳ ಊಟಕ್ಕೆ ಬಳಸುತ್ತಿರುವುದು ಸಂತೋಷವೇ. ಆದರೆ ರಜಿಸ್ಟರು ಇಡಲು ಕಪಾಟಿಲ್ಲ ಎಂಬ ಮಾತು ಬಂದಾಗ ನನಗೆ ಅದು ನೆನಪಾಗುತ್ತದೆ.

ಇನ್ನೂ ಎಷ್ಟೋ ಇವೆ. ಆಗಸ್ಟ್ 15ರ ನಸುಕಿನ ಪ್ರಭಾತಫೇರಿ. ಇಡೀ ಪೇಟೆ ಎದ್ದು ಬಾಗಿಲಲ್ಲಿ ನಿಲ್ಲುತ್ತಿತ್ತು. ಪಿ.ಟಿ. ಮಾಸ್ತರರ ಲೇಜಿಮ್, ನೂರು ಜನ ಒಂದೇ ಹೆಜ್ಜೆಗೆ ಬಾಗಿ ಎದ್ದಾಗ ಆ ಝಣಝಣ ಸ್ಟೇಷನ್ನಿನವರೆಗೆ ಕೇಳಿಸುತ್ತಿತ್ತು. ಈಗ ಆ ಲೇಜಿಮ್‌ಗಳು ಒಂದು ಗೋಣಿಚೀಲದಲ್ಲಿ ತುಕ್ಕು ಹಿಡಿದಿವೆ. ಪ್ರಾರ್ಥನೆಯಲ್ಲಿ ಗದಗಿನ ಹುಯಿಲಗೋಳ ನಾರಾಯಣರಾಯರ ಹಾಡು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದ ಬೆಳಗಾವಿ ಅಧಿವೇಶನದಲ್ಲಿ ಹಾಡಿದ್ದು ಎಂದು ನಮ್ಮ ಕನ್ನಡದ ಸರ್ ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳಿಯೇ ಕಲಿಸುತ್ತಿದ್ದರು. ಗ್ಯಾದರಿಂಗಿನ ನಾಟಕಕ್ಕೆ ಊರ ಹೆಂಗಸರು ತಮ್ಮ ಇಳಕಲ್ ಸೀರೆ ಕೊಡುತ್ತಿದ್ದರು. ಹಳಿಯ ತುಂಡೊಂದನ್ನು ಬೇವಿನ ಮರಕ್ಕೆ ಕಟ್ಟಿ ಗಂಟೆ ಮಾಡಿದ್ದರು. ಸಿಪಾಯಿ ಅಜ್ಜ ಅದನ್ನು ಬಾರಿಸಿದರೆ ನಮ್ಮ ಅಪ್ಪ ಪೇಟೆಯಲ್ಲಿ ಚೀಲ ಇಳಿಸಿ ಹೊತ್ತು ನೋಡಿಕೊಳ್ಳುತ್ತಿದ್ದರು. ಬೇವಿನ ಮರ ಹೋಯಿತು. ಹಳಿಯ ತುಂಡಾದರೂ ಇದೆಯೇ?

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕೈಬರಹದ ಪತ್ರಿಕೆ. ವರ್ಷಕ್ಕೆ ಎರಡು ಸಂಚಿಕೆ. ಅಕ್ಷರ ದುಂಡಗಿದ್ದವರು ಬರೆಯುವವರು, ಚಿತ್ರ ಬರುವವರು ಚಿತ್ರ ತೆಗೆಯುವವರು, ಒಂದೇ ಪ್ರತಿ. ಅದನ್ನು ಗ್ರಂಥಾಲಯದ ಮೇಜಿಗೆ ದಾರದಿಂದ ಕಟ್ಟಿ ಇಡುತ್ತಿದ್ದರು. ನಾನು ಉಳಿಸಿಕೊಂಡಿರುವ ಸಂಚಿಕೆಗಳಲ್ಲಿ ಒಂದರಲ್ಲಿ ಹಳ್ಳಿಯ ಹುಡುಗನೊಬ್ಬ ತನ್ನ ಓಣಿಯ ಮಳೆನಕ್ಷತ್ರದ ಗಾದೆಗಳನ್ನೆಲ್ಲ ತನ್ನ ಅಜ್ಜಿಯಿಂದ ಕೇಳಿ ಬರೆದಿದ್ದಾನೆ. ಇನ್ನೊಂದರಲ್ಲಿ ಒಬ್ಬ ಹುಡುಗಿ ವರದಾ ನದಿಯ ಹೊಳೆ ಬಂದಾಗ ನಾಲ್ಕು ದಿನ ಶಾಲೆಗೆ ಬರಲಾಗದ್ದನ್ನು ಬರೆದಿದ್ದಾಳೆ. ಭಾಷೆ ಅವರ ಮನೆಯದೇ. ಮಾಸ್ತರರು ಅದನ್ನು ತಿದ್ದಿಲ್ಲ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ಚೆನ್ನ' ಎಂದಷ್ಟೇ ಬರೆದಿದ್ದಾರೆ. ಆ ಒಂದು ಶಬ್ದಕ್ಕಾಗಿ ನಾವು ವಾರಗಟ್ಟಲೆ ಬರೆಯುತ್ತಿದ್ದೆವು.

ಈಗ ತಾವು ನನಗೆ ಹೇಳಿದ ಮಾತುಗಳಿಗೆ ಬರುತ್ತೇನೆ.

"ಈಗ ಎಲ್ಲಾ ಎಸ್‌ಎಟಿಎಸ್‌ನಾಗ ಐತ್ರಿ" ಎಂದಿರಿ. ಸರಕಾರದ ಆ ಕಂಪ್ಯೂಟರ್ ದಾಖಲೆಯಲ್ಲಿ ಈಗಿನ ಮಕ್ಕಳದು ಇದೆ, ನಿಜ. ನನ್ನ ಅಣ್ಣನದಿಲ್ಲ, ಅಕ್ಕನದಿಲ್ಲ. ದಾಖಲಾತಿ ರಜಿಸ್ಟರು ಶಾಶ್ವತವಾಗಿ ಇಡಬೇಕಾದ ದಾಖಲೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಶಾಲೆ ಬಿಟ್ಟ ಪ್ರಮಾಣಪತ್ರ (ಎಲ್.ಸಿ.) ಕಳೆದುಕೊಂಡವರು, ಪಿಂಚಣಿಗೆ ವಯಸ್ಸಿನ ಪುರಾವೆ ಬೇಕಾದವರು, ಜಾತಿಯ ಪ್ರಮಾಣಪತ್ರಕ್ಕೆ ತಂದೆಯ ಶಾಲಾ ದಾಖಲೆ ಹುಡುಕಿಕೊಂಡು ಬರುವವರು ಎಲ್ಲರೂ ಆ ಪುಸ್ತಕವನ್ನೇ ನಂಬಿದ್ದಾರೆ. ಹೊಲ ಮನೆ ಇದ್ದವರಿಗೆ ಪಹಣಿ ಇದೆ, ಹಳೆಯ ಖರೀದಿ ಪತ್ರಗಳಿವೆ. ಅವೇನೂ ಇಲ್ಲದವರಿಗೆ ತಾವು ಈ ಊರಿನವರೆಂದು ತೋರಿಸಲು ಈ ಒಂದು ಸಾಲಷ್ಟೇ ಇದೆ. ರಜಿಸ್ಟರು ಹಾಳಾದರೆ ಪೆಟ್ಟು ಬೀಳುವುದು ಬಡವರಿಗೆ. ನನ್ನ ದೂರಿನ ಮುಖ್ಯ ಮಾತು ಇದೇ.

"ಕಟ್ಟಡ ಶಿಥಿಲಾಗೇತಿ, ಮಕ್ಕಳ ಮ್ಯಾಲೆ ಬಿದ್ದರ ಯಾರು ಹೊಣಿ?" ಎಂದಿರಿ. ಒಪ್ಪುತ್ತೇನೆ. ಮಕ್ಕಳ ಜೀವಕ್ಕಿಂತ ಹಳೆಯ ಗೋಡೆ ದೊಡ್ಡದಲ್ಲ. ಪಾಠದ ಕೋಣೆಗಳನ್ನು ಕೆಡವಿ, ಹೊಸವು ಆಗಲಿ. ಆದರೆ ಮುಂದಿನ ಹಾಲ್ ಕಲ್ಲಿನ ಗೋಡೆಯದು. ಅದು ಉಳಿಯುತ್ತದೋ ಇಲ್ಲವೋ ಎಂಬುದನ್ನು ಲೋಕೋಪಯೋಗಿ ಇಲಾಖೆಯ ಎಂಜಿನಿಯರರು ಬಂದು ನೋಡಿ ಬರೆದು ಕೊಡಲಿ. ಕೆಡವುವ ಗುತ್ತಿಗೆದಾರರ ಮಾತಿನ ಮೇಲೆ ತೀರ್ಮಾನ ಬೇಡ.

"ರೊಕ್ಕ ಎಲ್ಲಿಂದ ತರೂದು?" ಎಂದಿರಿ. ಮಹೋತ್ಸವದ ಪೆಂಡಾಲು, ಎರಡು ದಿನದ ಊಟ, ಅತಿಥಿಗಳಿಗೆ ಹಾವೇರಿಯ ಏಲಕ್ಕಿ ಹಾರ, ಶಾಲು, ಸ್ಮರಣಿಕೆ, ಹುಬ್ಬಳ್ಳಿಯಿಂದ ಧ್ವನಿವರ್ಧಕ ಎಂದು ಸಭೆಯಲ್ಲಿ ಓದಿದ ಖರ್ಚಿನ ಪಟ್ಟಿಯನ್ನು ನಾನೂ ಕೇಳಿದ್ದೇನೆ. ಹಬ್ಬ ಮಾಡಬೇಡಿ ಎನ್ನುವುದಿಲ್ಲ, ಊರು ಕೂಡುವ ಹಬ್ಬ ನನಗೂ ಬೇಕು. ನಮ್ಮ ಸಂತೆಯಲ್ಲಿ ಸಿಗುವ ಹೂವಿನ ಹಾರ ಹಾಕಿದರೆ ಬರುವ ದೊಡ್ಡವರು ಬೇಸರ ಮಾಡಿಕೊಳ್ಳುವುದಿಲ್ಲ. ಉಳಿದ ರೊಕ್ಕದಲ್ಲಿ ನಾಲ್ಕು ಕಬ್ಬಿಣದ ಕಪಾಟು ಬರುತ್ತವೆ.

ನನ್ನ ಕೋರಿಕೆಗಳು ಹೆಚ್ಚಿಲ್ಲ. ದಾಖಲೆಗಳನ್ನು ಎಣಿಸಿ, ಪಟ್ಟಿ ಮಾಡಿ, ಒಣ ಕೋಣೆಗೆ ಸಾಗಿಸುವವರೆಗೆ ಇನ್ನೊಂದು ಹೆಂಚೂ ಇಳಿಯಬಾರದು. ಮುಖ್ಯೋಪಾಧ್ಯಾಯರ ಸಹಿ ಇಲ್ಲದೆ ಒಂದು ಹಾಳೆಯೂ ಗೇಟು ದಾಟಬಾರದು. ಇದುವರೆಗೆ ರದ್ದಿಗೆ ಹೋದದ್ದು ಏನೇನು, ಯಾರ ಅನುಮತಿಯಿಂದ ಎಂಬುದನ್ನು ಸಮಿತಿ ಊರ ಮುಂದೆ ಹೇಳಬೇಕು. ಶಿಕ್ಷೆಗಾಗಿ ಕೇಳುತ್ತಿಲ್ಲ. ಇನ್ನೂ ಯಾವುದಾದರೂ ಗೋದಾಮಿನಲ್ಲಿ ಆ ಕಿರ್ದಿ ಪುಸ್ತಕ ಬಿದ್ದಿದ್ದರೆ ಹುಡುಕಿ ತರಬಹುದು ಎಂಬ ಆಸೆಯಿಂದ ಕೇಳುತ್ತಿದ್ದೇನೆ.

ನೆಂದ ಪುಸ್ತಕಗಳನ್ನು ಬಿಸಿಲಿಗೆ ಹಾಕಬೇಡಿ, ಹಾಳೆ ಸೆಡೆದು ಒಡೆಯುತ್ತವೆ. ನೆರಳಿನಲ್ಲಿ, ಗಾಳಿಯಲ್ಲಿ, ಹಾಳೆಯ ನಡುವೆ ಹೀರುವ ಕಾಗದ ಇಟ್ಟು ಒಣಗಿಸಬೇಕು. ಸರಿಯಾದ ಕ್ರಮ ತಿಳಿದವರು ದೂರದಲ್ಲಿಲ್ಲ. ರಾಜ್ಯ ಪತ್ರಾಗಾರ ಇಲಾಖೆಯ ವಿಭಾಗೀಯ ಕಚೇರಿ ಧಾರವಾಡದಲ್ಲಿದೆ. 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಅದೇ ಊರಲ್ಲಿದೆ. ಮೋಡಿ ಓದಬಲ್ಲವರು ಸಿಗುವುದಿದ್ದರೆ ಅಲ್ಲೇ ಸಿಗಬೇಕು. ಸಮಿತಿಯಿಂದ ಒಂದು ಅಧಿಕೃತ ಪತ್ರ ಕೊಡಿ, ನಾನೇ ಬಸ್ಸು ಹತ್ತಿ ಹೋಗಿ ಬರುತ್ತೇನೆ. ಆಮೇಲೆ ಪುಟಪುಟವೂ ಸ್ಕ್ಯಾನ್ ಆಗಲಿ. ಹತ್ತನೆಯ ತರಗತಿ ಮುಗಿಸಿ ಕಾಲೇಜಿನಲ್ಲಿರುವ ಹುಡುಗ ಹುಡುಗಿಯರು ತಮ್ಮ ಮೊಬೈಲಿನಲ್ಲೇ ಮಾಡಿಕೊಡುವುದಾಗಿ ನನಗೆ ಹೇಳಿದ್ದಾರೆ. ಆದರೆ ಮೂಲ ಪುಸ್ತಕ ಶಾಲೆಯಲ್ಲೇ ಇರಬೇಕು. ಜಾತಿ, ಜನ್ಮದಿನಾಂಕ ಇರುವ ಪುಟಗಳನ್ನು ಯಾರೂ ವಾಟ್ಸಾಪಿಗೆ ಹಾಕಬಾರದು. ಸ್ಕ್ಯಾನ್ ಕೆಲಸವನ್ನು ಮುಖ್ಯೋಪಾಧ್ಯಾಯರ ಎದುರಿನಲ್ಲೇ ಮಾಡಬೇಕು.

ಸ್ಮರಣ ಸಂಚಿಕೆ ಬರುತ್ತದೆಂದು ಕೇಳಿದ್ದೇನೆ. ಅದರಲ್ಲಿ ಜಾಹೀರಾತು, ಶುಭಾಶಯಗಳ ನಡುವೆ ಹತ್ತು ಪುಟವಾದರೂ ಈ ಕೈಬರಹದ ಸಂಚಿಕೆಗಳಿಂದ ಇದ್ದ ಹಾಗೆಯೇ ಅಚ್ಚಾಗಲಿ, ಕೆಂಪು ಶಾಯಿಯ 'ಚೆನ್ನ' ಸಹಿತ. ಈ ವರ್ಷದ ಮಕ್ಕಳಿಂದ ಮುಂದಿನ ಸಂಚಿಕೆ ಬರೆಸಿ. ಮತ್ತು ದಾನಿಗಳ ಹೆಸರಿನ ಕಲ್ಲಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಸಾಲು ಕೆತ್ತಿಸಿ. ಪುಸ್ತಕ ಸಿಗದೆಹೋದರೂ ಆ ಸಾಲು ನನಗೆ ಬಾಯಿಪಾಠ ಇದೆ: "ಪೇಟೆಯ ಹಮಾಲರು, ಒಂದು ದಿನದ ಕೂಲಿ."

ಹಳೆಯ ವಿದ್ಯಾರ್ಥಿಗಳಿಗೂ ಎರಡು ಮಾತು. ಬೆಂಗಳೂರು, ಪುಣೆ, ಹುಬ್ಬಳ್ಳಿಯಲ್ಲಿರುವ ನಮ್ಮ ಗೆಳೆಯ ಗೆಳತಿಯರೇ, ಗುಂಪಿನಲ್ಲಿ ದಿನಾ ಹಳೆಯ ನೆನಪು ಹಂಚಿಕೊಳ್ಳುತ್ತೀರಿ. ಮಹೋತ್ಸವಕ್ಕೆ ಬರುವಾಗ ಒಂದು ದಿನ ಮೊದಲೇ ಬನ್ನಿ. ಮನೆಯ ಟ್ರಂಕಿನಲ್ಲಿ ಶಾಲೆಯ ಗುಂಪು ಫೋಟೋ ಇದ್ದರೆ ತನ್ನಿ, ಹಿಂಭಾಗದಲ್ಲಿ ಹೆಸರು ಬರೆದು ತನ್ನಿ. ನಮಗೆ ಕಲಿಸಿದ ಮಾಸ್ತರರಲ್ಲಿ, ಅಕ್ಕೋರುಗಳಲ್ಲಿ ಬದುಕಿರುವವರು ಕೆಲವರೇ. ಅವರನ್ನು ವೇದಿಕೆಗೆ ಕರೆದು ಎರಡು ನಿಮಿಷದಲ್ಲಿ ಶಾಲು ಹೊದಿಸಿ ಕಳಿಸುವ ಬದಲು, ಅವರ ಮನೆಗೇ ಹೋಗಿ ಕೂತು ಅವರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳೋಣ. ಗಣಿತದ ಸರ್ ಅವರನ್ನು ನಾನು ಹೋದ ವಾರ ನೋಡಿ ಬಂದೆ. ಕಿವಿ ಮಂದವಾಗಿದೆ, ಆದರೂ ಯಾವ ವರ್ಷ ಯಾವ ಬೆಂಚಿನಲ್ಲಿ ಯಾರು ಕೂಡುತ್ತಿದ್ದರೆಂದು ಹೇಳುತ್ತಾರೆ. ನನ್ನ ಅಕ್ಕನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಶಾಣ್ಯಾ ಹುಡುಗಿ. ಭೂಮಿತಿ ಚಲೋ ಮಾಡ್ತಿದ್ಲು" ಎಂದರು.

ಬರುವ ಶನಿವಾರ ಮುಂಜಾನೆ ಸಾಲಿ ಬಿಟ್ಟ ಮೇಲೆ ನಾನು ಮತ್ತು ಇನ್ನೂ ಆರು ಜನ ಹಳೆಯ ವಿದ್ಯಾರ್ಥಿಗಳು ಶಾಲೆಯ ಗೇಟಿಗೆ ಬರುತ್ತೇವೆ. ಒಣ ಬಟ್ಟೆ, ಹೀರುವ ಕಾಗದ, ಪಟ್ಟಿ ಬರೆಯಲು ಹೊಸ ರಜಿಸ್ಟರು ನಾವೇ ತರುತ್ತೇವೆ. ಆ ಕೋಣೆಯ ಕೀಲಿಯೊಂದಿಗೆ ತಮ್ಮಲ್ಲಿ ಒಬ್ಬರಾದರೂ ದಯವಿಟ್ಟು ಬನ್ನಿ.

ಗೌರವಗಳೊಂದಿಗೆ,
ತಮ್ಮ ವಿಶ್ವಾಸಿ,
ಶಾಲೆಯ ಹಳೆಯ ವಿದ್ಯಾರ್ಥಿನಿ